ಹ್ಯಾರಿಸನ್ ರಸ್ತೆಯ ಬಾಡಿಗೆದಾರ

ಬಂಗಾಳಿ ಕತೆಗಳ ಪತ್ತೇದಾರ ಬ್ಯೋಮಕೇಶ ಬಕ್ಷಿ, ಆ ಕತೆಗಳನ್ನು ಹೇಳುವ ಅಜಿತನ ಕಣ್ಣಿಗೆ ಮೊದಲು ಬೀಳುವುದು ಕೋಣೆ ಹುಡುಕಿಕೊಂಡು ಬಂದ ನಿರುದ್ಯೋಗಿಯಾಗಿ. ಬಂಗಾಳಿ ವರ್ಷ 1331, ಅಂದರೆ ಇಸವಿ 1924–25ರ ಸುಮಾರು. ಕಲ್ಕತ್ತೆಯ ನಡುಭಾಗದ ಒಂದು ಮೆಸ್ಸು. ಕೆಳಗೆ ಹೋಮಿಯೋಪಥಿ ಡಾಕ್ಟರರ ದವಾಖಾನೆ, ಮೇಲೆ ಬಾಡಿಗೆ ಕೋಣೆಗಳು. ಒಂದೂ ಖಾಲಿ ಇಲ್ಲ. ಅತುಲಚಂದ್ರ ಮಿತ್ರ ಎಂದು ಹೆಸರು ಹೇಳಿಕೊಂಡ ಆ ತರುಣನ ಸಪ್ಪೆ ಮೋರೆ ನೋಡಿ ಅಜಿತನಿಗೆ ಕರುಳು ಚುರುಕ್ಕೆಂದು, ನನ್ನ ಕೋಣೆಯಲ್ಲೇ ಇರಲಿ ಬಿಡಿ ಅನ್ನುತ್ತಾನೆ. ಸ್ವಲ್ಪ ದಿನಕ್ಕೆ ಅದೇ ಮೆಸ್ಸಿನ ಅಶ್ವಿನಿಬಾಬು ತಮ್ಮ ಕೋಣೆಯಲ್ಲಿ ಕುತ್ತಿಗೆ ಕೊಯ್ಯಿಸಿಕೊಂಡು ಸತ್ತು ಬಿದ್ದಿರುತ್ತಾರೆ. ಕೊಂದವರು ಯಾರೆಂದು ನಾನು ಹೇಳುವುದಿಲ್ಲ. ತೊಂಬತ್ತು ವರ್ಷ ಹಳೆಯ ಕತೆಯಾದರೂ ಪತ್ತೇದಾರಿಯ ಗುಟ್ಟು ಬಿಟ್ಟುಕೊಟ್ಟರೆ ಪಾಪ ಸುತ್ತಿಕೊಳ್ಳುತ್ತದೆ.

ನಾನು ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಸವೆದವನು. ಎಂಥ ಕಾದಂಬರಿ ಓದಿದರೂ ಒಳಗಿನಿಂದ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಈ ಮನುಷ್ಯನಿಗೆ ದುಡ್ಡು ಎಲ್ಲಿಂದ ಬರುತ್ತದೆ? ಬಹಳಷ್ಟು ಲೇಖಕರು ಉತ್ತರ ಕೊಡುವುದಿಲ್ಲ. ಬ್ಯೋಮಕೇಶನನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ಮೊದಲ ಪುಟಗಳಲ್ಲೇ ಕೊಡುತ್ತಾರೆ. ಅಜಿತನ ತಂದೆ ಬ್ಯಾಂಕಿನಲ್ಲಿ ಇಟ್ಟುಹೋದ ದುಡ್ಡಿನ ಬಡ್ಡಿ ಮೆಸ್ಸಿನಲ್ಲಿರುವ ಬ್ರಹ್ಮಚಾರಿಯೊಬ್ಬನ ಊಟ, ಬಾಡಿಗೆಗೆ ಸಾಕು. ಆದ್ದರಿಂದ ಆತ ಮದುವೆ ಬೇಡ, ಸಾಹಿತ್ಯವೇ ಸಾಕು ಎಂದು ತೀರ್ಮಾನಿಸಿ ಕೂತಿದ್ದಾನೆ. ಈ ಒಂದು ವಿವರಕ್ಕೇ ನಾನು ಶರದಿಂದು ಅವರ ಕಡೆ ಒಲಿದೆ.

1980ರ ದಶಕದಲ್ಲಿ ಧಾರವಾಡದಿಂದ ಕಲ್ಕತ್ತೆಗೆ ವರ್ಗವಾಗಿ ಹೋದಾಗ ನಾನಿಳಿದದ್ದೂ ಮೆಸ್ಸಿನಲ್ಲೇ, ಆಮ್‌ಹರ್ಸ್ಟ್ ಸ್ಟ್ರೀಟಿನ ಒಂದು ಒಳಗಲ್ಲಿಯಲ್ಲಿ. ದಕ್ಷಿಣದವರೆಲ್ಲ ಲೇಕ್ ಮಾರ್ಕೆಟ್ ಕಡೆ ಇರುತ್ತಾರೆ, ಇಡ್ಲಿ ಸಿಗುತ್ತದೆ, ಅಲ್ಲಿಗೆ ಹೋಗಿ ಎಂದು ಕಚೇರಿಯಲ್ಲಿ ಹೇಳಿದ್ದರು. ಆದರೆ ಅಲ್ಲಿನ ಬಾಡಿಗೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಮೆಸ್ಸಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಹಲಗೆ ಮಂಚ, ಸೊಳ್ಳೆಪರದೆ ಕಟ್ಟಲು ನಾಲ್ಕು ಮೊಳೆ, ಬಟ್ಟೆ ಒಣಹಾಕುವ ಹಗ್ಗದಲ್ಲಿ ಒಂದು ಮಾರು. ಕೋಣೆಯ ಜೊತೆಗಾರ ಬೀರ್‌ಭೂಮಿನ ಕಡೆಯ ಶಾಲಾ ಮೇಷ್ಟ್ರು. ಎಲ್ಲರೂ ಅವರನ್ನು ಮಾಸ್ಟರ್ ಮಶಾಯ್ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನನಗೆ ಬಂಗಾಳಿ ಓದಲು ಕಲಿಸಿದವರು ಅವರೇ. ಮಕ್ಕಳ ಪಠ್ಯಪುಸ್ತಕ ತರಿಸಿಕೊಡಿ ಅಂದರೆ ನಕ್ಕರು. “ಕುಲಕರ್ಣಿ ಬಾಬು, ಅಕ್ಷರ ಗೊತ್ತಾದ ಮೇಲೆ ಬ್ಯೋಮಕೇಶ ಹಿಡೀರಿ. ಕೊಂದವರು ಯಾರು ಅಂತ ಗೊತ್ತಾಗೋವರೆಗೂ ನೀವು ಬಿಡೋದಿಲ್ಲ, ಭಾಷೆ ತಾನಾಗಿ ಬರ್ತದೆ” ಅಂದರು. ಬಂದಿತು ಕೂಡ. ಅಡಚಣೆ ಒಂದೇ. ಮೊದಲ ಕತೆಗಳ ಬಂಗಾಳಿ ಹಳೆಯ ಗ್ರಾಂಥಿಕ ಶೈಲಿಯದು. ಅದನ್ನು ಕಲಿತು ಮೀನಿನಂಗಡಿಯಲ್ಲಿ ಮಾತಾಡಿದರೆ ಅಂಗಡಿಯವನು ನನ್ನನ್ನು ಪುರೋಹಿತನೆಂದೇ ತಿಳಿದ.

ಮೆಸ್ಸೆಂದರೆ ನಮ್ಮ ಕಡೆ ಊಟದ ಮನೆ. ಧಾರವಾಡದ ಖಾನಾವಳಿಯಲ್ಲಿ ಉಂಡು ಕೈತೊಳೆದು ಎದ್ದು ಹೋಗುತ್ತೇವೆ. ಕಲ್ಕತ್ತೆಯ ಮೆಸ್‌ಬಾಡಿ ಬೇರೆ ಜಾತಿಯದು: ಊಟವೂ ಅಲ್ಲೇ, ವಾಸವೂ ಅಲ್ಲೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವ್ಯಾಪಾರಿ ಕಂಪನಿಗಳು, ಹೈಕೋರ್ಟು, ರೈಲ್ವೆ, ಸರ್ಕಾರಿ ಕಚೇರಿಗಳು ಗುಮಾಸ್ತರನ್ನು ರಾಶಿರಾಶಿಯಾಗಿ ಕೇಳತೊಡಗಿದವು. ಕಾಲೇಜುಗಳೂ ಹೆಚ್ಚಿದವು. ಬರ್ಧಮಾನ, ಮೇದಿನೀಪುರ, ಢಾಕಾ, ಬರಿಶಾಲ್ ಕಡೆಯ ಹಳ್ಳಿಗಳಿಂದ ಗಂಡಸರು ಬಂದರು. ಹೆಂಡತಿ ಮಕ್ಕಳನ್ನು ಕರೆತರುವಷ್ಟು ಸಂಬಳವಿಲ್ಲ, ಊರಿನ ಮನೆ ಜಮೀನು ಬಿಡುವಂತೆಯೂ ಇಲ್ಲ. ಆಗ ಯಾರೋ ಒಬ್ಬರು ಒಂದು ಹಳೆಯ ಮನೆಯನ್ನು ಇಡಿಯಾಗಿ ಬಾಡಿಗೆ ಹಿಡಿದು ಮಂಚದ ಲೆಕ್ಕದಲ್ಲಿ ಒಳಬಾಡಿಗೆಗೆ ಕೊಡುವುದು, ಒಬ್ಬ ಅಡುಗೆಯವ, ಒಬ್ಬಳು ಕೆಲಸದಾಕೆ. ಅಡುಗೆಯವನಿಗೆ ಠಾಕೂರ್ ಅಂತ ಕರೆ, ಸಾಮಾನ್ಯವಾಗಿ ಒಡಿಶಾದ ಬ್ರಾಹ್ಮಣ. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟ ಕೂಡಲೇ ಹತ್ತಿರದ ಊರಿನವರೆಲ್ಲ ಕೈಚೀಲ ಹಿಡಿದು ಸ್ಟೇಷನ್ನಿಗೆ ಓಡುವರು, ಸೋಮವಾರ ಬೆಳಿಗ್ಗೆ ತೋಟದ ಬದನೆಕಾಯಿಯೋ ಬೆಲ್ಲವೋ ಹೊತ್ತು ಹಿಂತಿರುಗುವರು. ಒಂದೇ ಜಿಲ್ಲೆಯವರ ಮೆಸ್ಸು, ಒಂದೇ ಜಾತಿಯವರ ಮೆಸ್ಸು, ಒಂದೇ ಕಚೇರಿಯವರ ಮೆಸ್ಸು, ಹೀಗೆ ಬಗೆಬಗೆ ಇದ್ದವು.

ಲೆಕ್ಕದ ಪದ್ಧತಿ ಹೇಳಲೇಬೇಕು, ಅದು ನನ್ನ ಕಸುಬು. ತಿಂಗಳ ಸಂತೆ ಖರ್ಚು ಒಟ್ಟುಗೂಡಿಸಿ, ಆ ತಿಂಗಳು ಎಲ್ಲರೂ ಸೇರಿ ಉಂಡ ಒಟ್ಟು ಊಟಗಳ ಸಂಖ್ಯೆಯಿಂದ ಭಾಗಿಸಿದರೆ ಬಂದದ್ದು ಒಂದು ‘ಮಿಲ್’ ದರ. ಯಾರು ಎಷ್ಟು ಹೊತ್ತು ಉಂಡರೋ ಅವರಿಗೆ ಅಷ್ಟು ಮಿಲ್. ಊರಿಗೆ ಹೋಗುವವರು ಹಿಂದಿನ ದಿನವೇ ಹೇಳಿ ಹೋಗಬೇಕು; ಹೇಳದಿದ್ದರೆ ಉಣ್ಣದ ಊಟವೂ ಲೆಕ್ಕಕ್ಕೆ. ಅತಿಥಿ ಬಂದರೆ ಕರೆತಂದವನ ಖಾತೆಗೆ. ಸಂತೆಯ ಸರದಿ ಎಲ್ಲರಿಗೂ ಬರುತ್ತಿತ್ತು. ಯಾರ ಸರದಿಯಲ್ಲಿ ಮೀನಿನ ತುಂಡು ಸಣ್ಣದಾಯಿತು ಎಂಬುದರ ಮೇಲೆ ತಿಂಗಳುಗಟ್ಟಲೆ ವಾದ ನಡೆಯುತ್ತಿತ್ತು. ನಾನು ಮೀನು ತಿನ್ನದವನು. ನನಗೆ ಬೇರೆ ದರ ಇರಬೇಕಲ್ಲವೇ ಎಂದು ಮ್ಯಾನೇಜರ್ ಬಾಬುವಿನ ಮುಂದೆ ಅರ್ಜಿ ಇಟ್ಟೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿ, “ನಿಮಗೆ ಬೇಳೆ ಎರಡು ಸಲ ಹಾಕಿಸ್ತೀವಲ್ಲ” ಅಂದರು. ವಿಷಯ ಅಲ್ಲಿಗೆ ಮುಗಿಯಿತು.

ಇಂಥ ಮನೆಯ ಒಂದು ಗುಣವನ್ನು ಶರದಿಂದು ಎಲ್ಲರಿಗಿಂತ ಚೆನ್ನಾಗಿ ಕಂಡರು. ಹಳ್ಳಿಯಲ್ಲಿ ಒಬ್ಬನ ಮೂರು ತಲೆಮಾರು ಊರಿಗೆಲ್ಲ ಗೊತ್ತು. ಮೆಸ್ಸಿನಲ್ಲಿ ಪಕ್ಕದ ಮಂಚದವನ ಹೆಸರು ಅವನು ಹೇಳಿದ್ದಷ್ಟೇ ನಿಜ. ರಾತ್ರಿ ಅವನ ಗೊರಕೆ ಕೇಳುತ್ತದೆ, ಹಗಲು ಎಲ್ಲಿಗೆ ಹೋಗುತ್ತಾನೆ ಎಂಬುದು ಗೊತ್ತಿರುವುದಿಲ್ಲ. ನಮ್ಮ ಮ್ಯಾನೇಜರ್ ಬಾಬು ಹೊಸಬರನ್ನು ಸೇರಿಸಿಕೊಳ್ಳುವಾಗ ಊರು ಕೇಳುತ್ತಿದ್ದರು, ಉದ್ಯೋಗ ಕೇಳುತ್ತಿದ್ದರು, ಮುಂಗಡ ಎಣಿಸಿಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳುವುದು ಮರ್ಯಾದೆಯಲ್ಲ ಎಂಬುದು ಅವರ ನಿಲುವು. ಇಂಗ್ಲಿಷ್ ಪತ್ತೇದಾರಿ ಕತೆಗಳಿಗೆ ಹಳ್ಳಿಗಾಡಿನ ದೊಡ್ಡ ಬಂಗಲೆ ಹೇಗೋ ಕಲ್ಕತ್ತೆಯ ಪತ್ತೇದಾರನಿಗೆ ಮೆಸ್ಸು ಹಾಗೆ. ಒಂದೇ ಬಾಗಿಲು, ಒಂದೇ ಮೆಟ್ಟಿಲು, ಒಂದೇ ಅಡುಗೆಮನೆ, ಒಳಗೆಲ್ಲ ಅಪರಿಚಿತರು. ಅಶ್ವಿನಿಬಾಬು ಸಾಯುವ ಆ ಮೊದಲ ಕತೆಯಲ್ಲಿ ಗುಟ್ಟಾಗಿ ಸಾಗುವ ಕೊಕೇನ್ ವ್ಯಾಪಾರವೂ ಕಟ್ಟುಕತೆಯ ಅಲಂಕಾರವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಕಲ್ಕತ್ತೆಯಲ್ಲಿ ಆ ಕಳ್ಳ ದಂಧೆ ನಿಜವಾಗಿಯೂ ನಡೆಯುತ್ತಿತ್ತು.

ನಾನಿದ್ದ ಬೀದಿಗೂ ಪತ್ತೇದಾರಿಗೂ ಇನ್ನೊಂದು ನಂಟಿದೆ. 1868ರ ಏಪ್ರಿಲ್‌ನಲ್ಲಿ ಆಮ್‌ಹರ್ಸ್ಟ್ ಸ್ಟ್ರೀಟಿನಲ್ಲಿ ರೋಸ್ ಬ್ರೌನ್ ಎಂಬ ಹೆಂಗಸಿನ ಹೆಣ ಸಿಕ್ಕಿತು, ಕತ್ತು ಕೊಯ್ದಿತ್ತು. ಆ ತನಿಖೆಯ ಗದ್ದಲದ ಬೆನ್ನಿಗೇ, ಅದೇ ವರ್ಷದ ನವೆಂಬರಿನಲ್ಲಿ, ಕಮಿಷನರ್ ಸ್ಟೂವರ್ಟ್ ಹಾಗ್ ಕಲ್ಕತ್ತೆ ಪೊಲೀಸಿನಲ್ಲಿ ಪತ್ತೇದಾರಿ ವಿಭಾಗ ತೆರೆದರು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನ ಸಿ.ಐ.ಡಿ. ಹುಟ್ಟಿದ್ದು 1878ರಲ್ಲಿ. ಅದಕ್ಕೂ ಹತ್ತು ವರ್ಷ ಹಿಂದಿನ ಮಾತು ಇದು. 1897ರಲ್ಲಿ ಬೆರಳಚ್ಚು ವಿಭಾಗವೂ ಈ ಊರಿನಲ್ಲೇ ಶುರುವಾಯಿತು. ಅದರ ಹಿಂದಿನ ಲೆಕ್ಕಾಚಾರ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್‌ಇನ್ಸ್‌ಪೆಕ್ಟರುಗಳದು, ಪದ್ಧತಿಗೆ ಹೆಸರು ಮಾತ್ರ ಸಾಹೇಬ ಎಡ್ವರ್ಡ್ ಹೆನ್ರಿಯದು. ಕಚೇರಿಗಳಲ್ಲಿ ಟಿಪ್ಪಣಿ ಬರೆಯುವವನೊಬ್ಬ, ಸಹಿ ಹಾಕುವವನೊಬ್ಬ ಎಂಬುದನ್ನು ನೋಡಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಆ ಪತ್ತೇದಾರಿ ವಿಭಾಗದಲ್ಲಿದ್ದ ದರೋಗ ಪ್ರಿಯನಾಥ ಮುಖೋಪಾಧ್ಯಾಯ ತಾವು ಹಿಡಿದ ಕೇಸುಗಳನ್ನೇ ‘ದರೋಗಾರ್ ದಪ್ತರ್’ ಎಂಬ ಮಾಸಿಕವಾಗಿ 1892ರಿಂದ ಅಚ್ಚು ಹಾಕಿಸಿದರು. ಆಮೇಲೆ ಪಾಂಚಕಡಿ ದೇ, ದೀನೇಂದ್ರಕುಮಾರ ರಾಯ್. ಇವರ ಪುಸ್ತಕಗಳು ಬಿಸಿಬಿಸಿಯಾಗಿ ಖರ್ಚಾದವು, ಆದರೆ ಓದಿದವರು ದಿಂಬಿನ ಕೆಳಗೆ ಇಡುತ್ತಿದ್ದರು. ಪತ್ತೇದಾರನಿಗೆ ಸೂಟು, ಪಿಸ್ತೂಲು, ಕುದುರೆಗಾಡಿ, ಹಲವು ಕಡೆ ಇಂಗ್ಲಿಷ್ ಹೆಸರು ಕೂಡ. ಶರದಿಂದು ಮಾಡಿದ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ಅವನಿಗೆ ಧೋತರ ಉಡಿಸಿದರು, ಬಾಗಿಲಿಗೆ ‘ಸತ್ಯಾನ್ವೇಷಿ’ ಎಂಬ ಹಿತ್ತಾಳೆ ಫಲಕ ಹಾಕಿಸಿದರು, ಪೊಲೀಸರ ಜೊತೆ ಸ್ನೇಹಕ್ಕಿಂತ ಹೆಚ್ಚಾಗಿ ಕಿರಿಕಿರಿ ಇಡಿಸಿದರು. ಬ್ಯೋಮಕೇಶನ ತಂದೆ ಶಾಲೆಯಲ್ಲಿ ಗಣಿತ ಕಲಿಸುವವರು, ಮನೆಯಲ್ಲಿ ಸಾಂಖ್ಯ ಓದುವವರು; ತಾಯಿ ವೈಷ್ಣವರ ಮಗಳು; ಇಬ್ಬರೂ ಕ್ಷಯಕ್ಕೆ ತುತ್ತಾದಾಗ ಹುಡುಗನಿಗೆ ಹದಿನೇಳು. ಮುಂದೆ ವಿದ್ಯಾರ್ಥಿವೇತನದ ಮೇಲೆ ಓದು. ಇಂಥ ಹುಡುಗರು ಆ ಕಾಲದ ಪ್ರತಿ ಮೆಸ್ಸಿನಲ್ಲೂ ಇದ್ದರು.

ಶರದಿಂದು ಅವರೂ ಅಲ್ಲಿಂದಲೇ ಬಂದವರು. ಹುಟ್ಟಿದ್ದು 1899ರಲ್ಲಿ, ಜೌನ್‌ಪುರದಲ್ಲಿ. ಬೆಳೆದದ್ದು ಬಿಹಾರದ ಮುಂಗೇರಿನಲ್ಲಿ, ತಂದೆ ಅಲ್ಲಿ ವಕೀಲರು. 1915ರಲ್ಲಿ ವಿದ್ಯಾಸಾಗರ ಕಾಲೇಜಿಗೆಂದು ಕಲ್ಕತ್ತೆಗೆ ಬಂದ ಹುಡುಗ ಇದ್ದದ್ದು 66, ಹ್ಯಾರಿಸನ್ ರಸ್ತೆಯ ಪ್ರೆಸಿಡೆನ್ಸಿ ಬೋರ್ಡಿಂಗ್ ಹೌಸಿನಲ್ಲಿ. ಕವಿ ಜೀವನಾನಂದ ದಾಸ್ ಕೂಡ ಮುಂದೆ ಅದೇ ಮನೆಯಲ್ಲಿ ಇದ್ದು ಹೋದವರು. ಹ್ಯಾರಿಸನ್ ರಸ್ತೆ ಈಗ ಮಹಾತ್ಮಾ ಗಾಂಧಿ ರಸ್ತೆ. ಒಂದು ತುದಿಗೆ ಸಿಯಾಲ್ದಾ ಸ್ಟೇಷನ್, ಇನ್ನೊಂದು ತುದಿಯಲ್ಲಿ ಸೇತುವೆ ದಾಟಿದರೆ ಹೌರಾ ಸ್ಟೇಷನ್, ನಡುವೆ ಪುಸ್ತಕದಂಗಡಿಗಳ ಕಾಲೇಜ್ ಸ್ಟ್ರೀಟು. ಪೂರ್ವ ಬಂಗಾಳದಿಂದ ಬಂದವನು ಒಂದು ಕಡೆ ಇಳಿದರೆ ಪಶ್ಚಿಮದಿಂದ ಬಂದವನು ಇನ್ನೊಂದು ಕಡೆ. ಎರಡೂ ಕಡೆಯವರು ಟ್ರಂಕು ಹೊತ್ತು ಕೋಣೆ ಕೇಳಿಕೊಂಡು ಬರುವ ದಾರಿ ಇದೇ. ಮೆಸ್ಸುಗಳು ಇಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು?

ಶರದಿಂದು ಓದು ಮುಗಿಸಿ, ಪಟ್ನಾದಲ್ಲಿ ಕಾನೂನು ಪಾಸು ಮಾಡಿ, ಮುಂಗೇರಿಗೆ ಹೋಗಿ ಕೆಲಕಾಲ ಕರಿಕೋಟು ಹಾಕಿ, ಅದು ಬೇಡವೆನಿಸಿ ಬರವಣಿಗೆಗೆ ನಿಂತರು. 1932ರಲ್ಲಿ ಮೊದಲು ಬರೆದದ್ದು ‘ಪಥೇರ್ ಕಾಂಟಾ’, ಆಮೇಲೆ ‘ಸೀಮಂತ ಹೀರಾ’. ಎರಡು ಬರೆದ ಮೇಲೆ ಬ್ಯೋಮಕೇಶನನ್ನು ಬಿಡಬಾರದು, ಸಾಲಾಗಿ ಬರೆಯಬೇಕು ಅನ್ನಿಸಿ ಹಿಂದಕ್ಕೆ ಹೋಗಿ ಅವನ ಮತ್ತು ಅಜಿತನ ಮೊದಲ ಭೇಟಿಯ ಕತೆ ಬರೆದರು. ಅದೇ ಮೆಸ್ಸಿನ ಕೊಲೆಯ ‘ಸತ್ಯಾನ್ವೇಷಿ’.

‘ಪಥೇರ್ ಕಾಂಟಾ’ವನ್ನು ನಾನು ಈಗಲೂ ಮೊದಲ ಸಾಲಿನಲ್ಲಿ ಇಡುತ್ತೇನೆ. ಪತ್ರಿಕೆಯಲ್ಲಿ ವಾರವಾರವೂ ಒಂದು ಪುಟ್ಟ ಜಾಹೀರಾತು: ದಾರಿಯ ಮುಳ್ಳು ತೆಗೆಸಬೇಕೆನ್ನುವವರು ಶನಿವಾರ ಸಂಜೆ ಇಂಥ ಕಡೆ, ವೈಟ್‌ವೇ ಲೇಡ್ಲಾ ಅಂಗಡಿಯ ಮೂಲೆಯ ದೀಪದ ಕಂಬ ಹಿಡಿದು ನಿಲ್ಲಬೇಕು ಎಂಬ ಅರ್ಥದ್ದು. ಇನ್ನೊಂದು ಕಡೆ, ಹಾಡಹಗಲೇ ರಸ್ತೆ ದಾಟುತ್ತಿರುವ ಸಿರಿವಂತರು ದೊಪ್ಪನೆ ಬಿದ್ದು ಸಾಯುತ್ತಿದ್ದಾರೆ. ಸೀಳಿ ನೋಡಿದರೆ ಎದೆಯಲ್ಲಿ ಗ್ರಾಮೋಫೋನ್ ಪಿನ್ನು.

ಆ ಪಿನ್ನಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಧಾರವಾಡದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಕೀಲಿ ತಿರುಗಿಸುವ ಗ್ರಾಮೋಫೋನ್ ಇತ್ತು. ಉಕ್ಕಿನ ಆ ಪಿನ್ನು ಒಂದು ಮಗ್ಗುಲು ಹಾಡುವಷ್ಟರಲ್ಲಿ ಮೊಂಡಾಗುತ್ತಿತ್ತು. ಹಾಕಿದ್ದನ್ನೇ ಮತ್ತೆ ಹಾಕಿದರೆ ರೆಕಾರ್ಡು ಕೆರೆದುಹೋಗುತ್ತದೆಂದು ಮಾವ ಪ್ರತಿ ಸಲ ಹೊಸದು ಹಾಕಿ ಹಳೆಯದನ್ನು ಬೇರೆ ಡಬ್ಬಿಗೆ ಸೇರಿಸುತ್ತಿದ್ದರು. ಅಂದರೆ ಹಾಡು ಕೇಳುವ ಪ್ರತಿ ಮನೆಯಲ್ಲೂ ನೂರಾರು ಪಿನ್ನು. ಕಲ್ಕತ್ತೆಯಲ್ಲಂತೂ ಕೇಳುವುದೇ ಬೇಡ. ಗ್ರಾಮೋಫೋನ್ ಕಂಪನಿ 1908ರಲ್ಲಿ ಸಿಯಾಲ್ದಾದಲ್ಲಿ ರೆಕಾರ್ಡು ಒತ್ತುವ ಕಾರ್ಖಾನೆ ತೆರೆದು, 1928ರಲ್ಲಿ ಅದನ್ನು ದಮ್‌ದಮ್‌ಗೆ ಒಯ್ದಿತ್ತು. ಕತೆ ಬರೆಯುವ ಹೊತ್ತಿಗೆ ಇಡೀ ದೇಶಕ್ಕೆ ಹಾಡು ಅಚ್ಚು ಹಾಕುತ್ತಿದ್ದ ಊರು ಅದು. ಪಿನ್ನು ಕೊಂಡವರ ಪಟ್ಟಿ ಮಾಡಿ ಕೊಲೆಗಾರನನ್ನು ಹಿಡಿಯುತ್ತೇನೆ ಅಂದರೆ ಅರ್ಧ ಊರನ್ನೇ ಠಾಣೆಗೆ ಕರೆಸಬೇಕು. ವಿಲಾಯಿತಿ ವಿಷ, ಅಪರೂಪದ ಕಠಾರಿ ಯಾವುದನ್ನೂ ಹುಡುಕಿಕೊಂಡು ಹೋಗದೆ ಲೇಖಕರು ಕೈಗೆ ಸಿಕ್ಕ ಡಬ್ಬಿಯಿಂದ ಒಂದು ಚೂರು ಉಕ್ಕು ಎತ್ತಿಕೊಂಡರು. ಅದನ್ನು ಹೇಗೆ ಹಾರಿಸುತ್ತಾನೆ ಎಂಬುದು ಇನ್ನೂ ಸೊಗಸು. ಅದೂ ಬೀದಿಯಲ್ಲಿ ಎಲ್ಲರ ಕಣ್ಣೆದುರೇ ಇರುವ ವಸ್ತು.

ಮೆಸ್ಸಿನ ಪ್ರಕರಣ ಮುಗಿದ ಮೇಲೆ ಬ್ಯೋಮಕೇಶ ಅಜಿತನನ್ನು ಹ್ಯಾರಿಸನ್ ರಸ್ತೆಯ ತನ್ನ ಬಾಡಿಗೆ ಮನೆಗೆ ಕರೆದೊಯ್ಯುತ್ತಾನೆ. ಮೇಲಂತಸ್ತು, ಕೆಲಸಕ್ಕೆ ಪುಂಟಿರಾಮ, ಬೆಳಿಗ್ಗೆ ಚಹಾ ಜೊತೆ ದಿನಪತ್ರಿಕೆ. ಪತ್ರಿಕೆಯಲ್ಲಿ ಅವನು ಮೊದಲು ಓದುವುದು ಸುದ್ದಿಯನ್ನಲ್ಲ, ಜಾಹೀರಾತನ್ನು. ಊರಿನ ನಿಜವಾದ ಸುದ್ದಿ ಅಲ್ಲೇ ಇರುತ್ತದೆ ಎಂಬುದು ಅವನ ವಾದ. ನಾನು ಪೂರ್ತಿ ಒಪ್ಪುತ್ತೇನೆ. ಅಲ್ಲಿಂದ ಮುಂದಿನ ಕತೆಗಳಲ್ಲಿ ಅವನು ಹೊಗುವ ಮನೆಗಳನ್ನು ಗಮನಿಸಿ. ‘ಅರ್ಥಮನರ್ಥಂ’ನಲ್ಲಿ ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ಮತ್ತೆ ಮತ್ತೆ ಉಯಿಲು ಬದಲಿಸುವ ಕರಾಳಿಬಾಬು ಮತ್ತು ಅವರ ಅನ್ನದ ಮೇಲೆ ಬದುಕುವ ಬಂಧುಬಳಗ. ಕೂಡುಕುಟುಂಬ ಒಳಗಿನಿಂದ ಹೇಗೆ ಬಿರುಕು ಬಿಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಖಡಾಖಂಡಿತ ದಾಖಲೆ ಕಡಿಮೆ. ಆ ಮನೆಯ ಸತ್ಯವತಿಯನ್ನೇ ಬ್ಯೋಮಕೇಶ ಮದುವೆಯಾಗುತ್ತಾನೆ. ಮುಂದೆ ಮಗನೂ ಹುಟ್ಟುತ್ತಾನೆ. ಜಗತ್ತಿನ ದೊಡ್ಡ ಪತ್ತೇದಾರರ ಪೈಕಿ ಬಹಳ ಜನ ಒಂಟಿಗಳು. ಇವನಾದರೋ ಹೆಂಡತಿಯ ಕೋಪಕ್ಕೆ ಹೆದರಿ ಚಹಾ ಕೇಳಲು ಅಜಿತನನ್ನು ಕಳಿಸುವ ಗೃಹಸ್ಥ.

1936ರ ಹೊತ್ತಿಗೆ ಹತ್ತು ಕತೆಗಳಾದವು, ಅಲ್ಲಿಗೆ ನಿಂತಿತು. 1938ರಲ್ಲಿ ಹಿಮಾಂಶು ರಾಯ್ ಅವರ ಬಾಂಬೆ ಟಾಕೀಸಿನ ಕರೆಗೆ ಓಗೊಟ್ಟು ಶರದಿಂದು ಮುಂಬೈಗೆ ಹೋದರು, ಚಿತ್ರಕತೆ ಬರೆಯಲು. ಸುಮಾರು ಹದಿನೈದು ವರ್ಷ ಬ್ಯೋಮಕೇಶ ಬಾಯಿ ಬಿಡಲಿಲ್ಲ. ಆ ಹದಿನೈದು ವರ್ಷದಲ್ಲಿ ಕಲ್ಕತ್ತೆಗೆ ಆಗಬಾರದ್ದೆಲ್ಲ ಆಯಿತು: 1942ರ ಡಿಸೆಂಬರಿನಲ್ಲಿ ಜಪಾನಿನ ಬಾಂಬು, ಮರುವರ್ಷ ಕ್ಷಾಮ, 1946ರ ಆಗಸ್ಟಿನ ಕೋಮುಗಲಭೆಯ ಕೊಲೆಗಳು, ಆಮೇಲೆ ವಿಭಜನೆ. ಕಲ್ಕತ್ತೆಗೆ ಬಂದಾಗ ಪರಿಚಿತರ ಮನೆಯ ಮಕ್ಕಳು, ಬ್ಯೋಮಕೇಶನ ಕತೆ ಯಾಕೆ ಬರೆಯುವುದಿಲ್ಲ ಎಂದು ಕೇಳಿದರಂತೆ. 1951ರಲ್ಲಿ ‘ಚಿತ್ರಚೋರ್’ ಬಂತು. ಮರುವರ್ಷ ಸಿನಿಮಾ ಬಿಟ್ಟು ಪುಣೆಯಲ್ಲಿ ಮನೆ ಮಾಡಿಕೊಂಡು ಕೂತರು. ಕಲ್ಕತ್ತೆಯ ಅತಿ ಕಲ್ಕತ್ತೆಯ ಪತ್ತೇದಾರನನ್ನು ಉಳಿದಷ್ಟೂ ಕಾಲ ಬರೆದದ್ದು ಮರಾಠಿ ಊರಿನಲ್ಲಿ ಕೂತು.

ಎರಡನೆಯ ಸರದಿಯ ಕತೆಗಳಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು 1955ರ ‘ಆದಿಮ ರಿಪು’. ಯುದ್ಧಕಾಲದಲ್ಲಿ ಕಾಳಸಂತೆಯಿಂದ ಕೊಬ್ಬಿದ ಅನಾದಿ ಹಾಲ್ದಾರ್, ಸುತ್ತ ಗಲಭೆಯಲ್ಲಿ ಉರಿಯುತ್ತಿರುವ ನಗರ. ಕಾಳಿಪೂಜೆಯ ರಾತ್ರಿ ಪಟಾಕಿ ಸದ್ದಿನ ನಡುವೆ ಬಾಲ್ಕನಿಯಲ್ಲಿ ನಿಂತವನಿಗೆ ಗುಂಡು ತಗಲುತ್ತದೆ, ಒಂದು ಸದ್ದು ಹೆಚ್ಚಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹಾಲ್ದಾರನ ಲೆಕ್ಕಕ್ಕೆ ಸಿಗದ ಹಣ ಎಲ್ಲಿ ಹೋಯಿತು ಎಂಬುದೇ ಪ್ರಶ್ನೆ. 1946ರ ಜನವರಿಯಲ್ಲಿ ಸರ್ಕಾರ ಐನೂರು, ಸಾವಿರ ಮತ್ತು ಹತ್ತು ಸಾವಿರದ ನೋಟು ರದ್ದು ಮಾಡಿತ್ತು. ಯುದ್ಧದ ದುಡ್ಡು ಮಾಡಿದವರು ಅದನ್ನು ಎಲ್ಲಿಡಬೇಕೆಂದು ಪರದಾಡಿದ ಕಾಲ ಅದು. ನೋಟು ಎಲ್ಲಿತ್ತು ಎಂದು ಗೊತ್ತಾದಾಗ, ನಮ್ಮ ಕಚೇರಿಯ ತಪಾಸಣೆ ತಂಡ ಆ ಕೋಣೆಗೆ ಹೋಗಿದ್ದರೆ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತು ಚಹಾ ಕುಡಿದು ಎದ್ದು ಬರುತ್ತಿತ್ತು ಅನ್ನಿಸಿತು. ಕತೆ ಮುಗಿಯುವುದು ಸ್ವಾತಂತ್ರ್ಯ ಬರುವ ಹೊತ್ತಿಗೆ. ಅಲ್ಲಿ ಬ್ಯೋಮಕೇಶ ಕಾನೂನು ಒಪ್ಪದ ಒಂದು ತೀರ್ಮಾನ ಕೈಗೊಳ್ಳುತ್ತಾನೆ. ಮಾಸ್ಟರ್ ಮಶಾಯ್ ಅದನ್ನು ಸಮರ್ಥಿಸುತ್ತಿದ್ದರು, ನಾನು ಆಕ್ಷೇಪಿಸುತ್ತಿದ್ದೆ. ಈ ಜಗಳದಲ್ಲಿ ಎಷ್ಟೋ ಭಾನುವಾರಗಳು ಕಳೆದವು.

ಆ ಕತೆ ನಡೆಯುವ ಕಾಲಕ್ಕೆ ಮೆಸ್ಸು ಕೂಡ ಮುದಿಯಾಗುತ್ತಿತ್ತು, ಮುದಿಯಾಗುತ್ತಿದ್ದಂತೆ ಜನ ಅದನ್ನು ಪ್ರೀತಿಸತೊಡಗಿದರು. ಪ್ರೇಮೇಂದ್ರ ಮಿತ್ರರ ಘನಾದಾ 1945ರಿಂದ 72, ಬನಮಾಲಿ ನಸ್ಕರ್ ಲೇನಿನ ಕಲ್ಪನೆಯ ಮೆಸ್ಸಿನಲ್ಲಿ ಕೂತು, ಮೆಸ್ಸಿನ ಜೊತೆಗಾರ ಶಿಶಿರನಿಂದ ಲೆಕ್ಕವಿಟ್ಟು ಸಿಗರೇಟು ಸಾಲ ಪಡೆಯುತ್ತ ಜಗತ್ತಿನ ಸುಳ್ಳೆಲ್ಲ ಹೇಳಿದ. ಹಾಸ್ಯಗಾರ ಶಿಬ್ರಾಮ್ ಚಕ್ರವರ್ತಿ ಮಾತ್ರ ನಿಜವಾದ ಮೆಸ್ಸಿನಲ್ಲಿ, 134, ಮುಕ್ತಾರಾಮ್ ಬಾಬು ಸ್ಟ್ರೀಟಿನಲ್ಲಿ, ಬದುಕಿನ ಬಹುಪಾಲು ಕಳೆದು 1980ರಲ್ಲಿ ತೀರಿಕೊಂಡರು. ಪುಸ್ತಕವಾದರೆ ಕಳೆದುಹೋಗುತ್ತದೆಂದು ವಿಳಾಸ, ಫೋನ್ ನಂಬರುಗಳನ್ನೆಲ್ಲ ಕೋಣೆಯ ಗೋಡೆಯ ಮೇಲೇ ಬರೆದಿಟ್ಟಿದ್ದರು. 1953ರ ‘ಶಾಡೆ ಚುಯತ್ತರ್’ ಸಿನಿಮಾದ ಅನ್ನಪೂರ್ಣ ಬೋರ್ಡಿಂಗ್ ಹೌಸಿನಲ್ಲಿ ಒಬ್ಬ ಹುಡುಗಿ ಬಂದು ಸೇರಿದಾಗ ಗಂಡಸರೆಲ್ಲ ತಲೆ ಬಾಚಿಕೊಳ್ಳಲು ಶುರುಮಾಡುತ್ತಾರೆ. ಉತ್ತಮ್ ಕುಮಾರ್ ಮತ್ತು ಸುಚಿತ್ರಾ ಸೇನ್ ಮೊದಲ ಸಲ ಜೋಡಿಯಾದದ್ದು ಅಲ್ಲೇ. ಆದರೂ ಸಿನಿಮಾ ಮೆಸ್ ಮಾಲೀಕನ ಪಾತ್ರದ ತುಳಸಿ ಚಕ್ರವರ್ತಿಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೆಸ್ಸನ್ನು ಮುಳುಗಿಸಿದ್ದು ಮುಖ್ಯವಾಗಿ ಎರಡು. ವಿಭಜನೆಯಾದ ಮೇಲೆ ಪೂರ್ವ ಬಂಗಾಳದವರಿಗೆ ಶನಿವಾರ ಹೋಗಲು ಊರೇ ಉಳಿಯಲಿಲ್ಲ. ಬಂದವರು ಕುಟುಂಬ ಸಮೇತ ಬಂದರು, ಅವರಿಗೆ ಮಂಚ ಸಾಲದು, ಮನೆ ಬೇಕು. ಇನ್ನು 1957ರ ಕೊನೆಯಲ್ಲಿ ಹೌರಾ ಕಡೆಯಿಂದ ವಿದ್ಯುತ್ ಲೋಕಲ್ ರೈಲು ಓಡತೊಡಗಿತು. ಹೂಗ್ಲಿ, ಬರ್ಧಮಾನದ ಗುಮಾಸ್ತ ಮನೆಯಲ್ಲೇ ಉಂಡು ಹೊರಟು, ಮನೆಗೇ ಬಂದು ಮಲಗಬಹುದಾಯಿತು. ಹಳೆಯ ಬಾಡಿಗೆ ಏರಿಸಲಾಗದ ಮಾಲೀಕರು ಗೋಡೆಗೆ ಸುಣ್ಣ ಬಳಿಸುವುದನ್ನೂ ಬಿಟ್ಟರು. ನಾನಿದ್ದಾಗಲೇ ನಮ್ಮ ಮೆಸ್ಸಿನ ಅರ್ಧ ಮಂಚ ಖಾಲಿ. ಉಣ್ಣುವವರು ಕಡಿಮೆಯಾದಂತೆ ಮಿಲ್ ದರ ಏರುತ್ತಿತ್ತು, ದರ ಏರಿದಂತೆ ಇನ್ನೊಬ್ಬರು ಬಿಟ್ಟು ಹೋಗುತ್ತಿದ್ದರು.

ಬ್ಯೋಮಕೇಶನೂ ಊರಿನ ಜೊತೆ ಸರಿದ. ಕಡೆಯ ವರ್ಷಗಳಲ್ಲಿ ಅವನು ದಕ್ಷಿಣ ಕಲ್ಕತ್ತೆಯ ಕೇಯಾತಲಾದಲ್ಲಿ ಸ್ವಂತ ಮನೆ ಕಟ್ಟಿಕೊಳ್ಳುತ್ತಾನೆ, ಅಜಿತ ಪುಸ್ತಕ ಪ್ರಕಾಶನದ ವ್ಯಾಪಾರದಲ್ಲಿ ಮುಳುಗುತ್ತಾನೆ, ಕತೆ ಹೇಳುವ ಕೆಲಸ ಲೇಖಕರ ಕೈಗೇ ಬರುತ್ತದೆ. ‘ಸಜಾರುರ್ ಕಾಂಟಾ’ದಲ್ಲಿ ಕೊಲೆಗೆ ಬಳಸುವುದು ಮುಳ್ಳುಹಂದಿಯ ಮುಳ್ಳು, ಗ್ರಾಮೋಫೋನ್ ಪಿನ್ನಿನ ಮುಂದೆ ಅದು ನನಗೆ ಸ್ವಲ್ಪ ಆಡಂಬರ ಅನ್ನಿಸುತ್ತದೆ. ಒಟ್ಟು 32 ಕತೆ ಮುಗಿಸಿ, ರಂಗಮಂದಿರದ ಮೇಲಿನ ಕೊಲೆಯ ‘ಬಿಶುಪಾಲ ವಧ’ವನ್ನು ನಡುವೆ ಬಿಟ್ಟು 1970ರಲ್ಲಿ ಶರದಿಂದು ತೀರಿಕೊಂಡರು.

ಕನ್ನಡದ ಮನೆಗಳಿಗೆ ಬ್ಯೋಮಕೇಶ ಬಂದದ್ದು 1993ರಲ್ಲಿ, ದೂರದರ್ಶನದಲ್ಲಿ, ಬಾಸು ಚಟರ್ಜಿಯವರ ಧಾರಾವಾಹಿಯಾಗಿ. ರಜಿತ್ ಕಪೂರ್ ಅವರ ಆ ನಿಧಾನದ ನಗುವಿಗೆ ನಾನು ಸಂಪೂರ್ಣ ಶರಣು. 1967ರಲ್ಲಿ ಸತ್ಯಜಿತ್ ರಾಯ್ ‘ಚಿಡಿಯಾಖಾನಾ’ ಮಾಡಿ ಉತ್ತಮ್ ಕುಮಾರರನ್ನು ಬ್ಯೋಮಕೇಶನಾಗಿಸಿದರು, ರಾಷ್ಟ್ರಪ್ರಶಸ್ತಿ ಕೂಡ ಬಂತು. ಆದರೆ ಅಲ್ಲಿನ ಬ್ಯೋಮಕೇಶ ಹಾವು ಸಾಕಿಕೊಂಡಿದ್ದಾನೆ, ಹೆಂಡತಿ ಇಲ್ಲ. ಸತ್ಯವತಿಯ ಬದಲು ಹಾವು! ರಾಯ್ ದೊಡ್ಡವರು, ಆದರೂ ಇದನ್ನು ನಾನು ಮನ್ನಿಸಿಲ್ಲ.

ಕರ್ನಾಟಕದವರು ಶರದಿಂದು ಅವರಿಗೆ ಬೇರೆಯೇ ಒಂದು ಕಾರಣಕ್ಕೆ ಋಣಿಗಳು. ಪುಣೆಯಲ್ಲಿ ಕೂತು ಬ್ಯೋಮಕೇಶನನ್ನು ಬರೆಯುತ್ತಿದ್ದ ಅದೇ ಕೈ ‘ತುಂಗಭದ್ರಾರ್ ತೀರೇ’ ಎಂಬ ಕಾದಂಬರಿ ಬರೆಯಿತು. ಎರಡನೆಯ ದೇವರಾಯನ ವಿಜಯನಗರ, ಅವನನ್ನು ಮದುವೆಯಾಗಲು ಕಳಿಂಗದಿಂದ ನಾವೆಯಲ್ಲಿ ಬರುವ ರಾಜಕುಮಾರಿ ವಿದ್ಯುನ್ಮಾಲಾ, ನಡುವೆ ಅರ್ಜುನವರ್ಮ. ಅದಕ್ಕೆ 1967ರಲ್ಲಿ ರವೀಂದ್ರ ಪುರಸ್ಕಾರವೂ ಸಿಕ್ಕಿತು. ಹಂಪಿಗೆ ಬರುವ ಬಂಗಾಳಿಗಳಲ್ಲಿ ವಯಸ್ಸಾದವರನ್ನು ಮಾತಾಡಿಸಿ ನೋಡಿ, ಹೆಚ್ಚಿನವರು ಈ ಪುಸ್ತಕ ಓದಿಕೊಂಡೇ ಬಂದಿರುತ್ತಾರೆ.

ಮಾಸ್ಟರ್ ಮಶಾಯ್ ಕೂಡ ನಿವೃತ್ತರಾದ ಮೇಲೆ ಹಂಪಿಗೆ ಬಂದರು. ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದವರೇ ವಿರೂಪಾಕ್ಷನ ಗೋಪುರ ಬೇಡ, ಕಲ್ಲಿನ ರಥ ಬೇಡ, ಮೊದಲು ಹೊಳೆಗೆ ನಡೆಯಿರಿ ಅಂದರು. ದಂಡೆಯಲ್ಲಿ ನಿಂತು, ರಾಜಕುಮಾರಿಯ ನಾವೆ ತಂಗಿದ್ದು ಎಲ್ಲಿ ಎಂದು ಕೇಳಿದರು. ನಾನು ಧಾರವಾಡದವನು, ನನಗೇನು ಗೊತ್ತು? ಹರಿಗೋಲಿನ ಹುಡುಗನಿಗೆ ಮಾತ್ರ ಗೊತ್ತಿತ್ತು. ತಡವರಿಸದೆ ಎದುರಿನ ಒಂದು ಬಂಡೆ ತೋರಿಸಿ, ಅಲ್ಲಿಗೆ ಹೋದರೆ ಹೆಚ್ಚಿಗೆ ಐವತ್ತು ರೂಪಾಯಿ ಆಗುತ್ತದೆ ಅಂದ. ನಾನು ಅನುವಾದಿಸಿದೆ. ಮಾಸ್ಟರ್ ಮಶಾಯ್ ಬಂಡೆ ನೋಡಿದರು, ಹುಡುಗನ ಮುಖ ನೋಡಿದರು. “ಸುಳ್ಳು ಹೇಳ್ತಿದ್ದಾನೆ” ಅಂದರು ಬಂಗಾಳಿಯಲ್ಲಿ, “ಕಾದಂಬರಿ ಓದಿದವನು ಇಷ್ಟು ಬೇಗ ಉತ್ತರ ಕೊಡೋದಿಲ್ಲ.” ಆಮೇಲೆ ಧೋತರ ಎತ್ತಿಕಟ್ಟಿ ಹರಿಗೋಲು ಹತ್ತಿ ಕೂತರು, ಐವತ್ತರಲ್ಲಿ ನನ್ನ ಪಾಲು ಇಪ್ಪತ್ತೈದನ್ನು ಮುಂಗಡವಾಗಿ ಎಣಿಸಿಕೊಂಡು.